ಐದು ಕಿಲೋ

ಮಗಳ ನಿನ್ನೆಯ ಯೂನಿಫಾರ್ಮ್ ಹಿಂಡಿ ತಂತಿಗೆ ಹಾಕುವಷ್ಟರಲ್ಲಿ ಹಜಾರದಲ್ಲಿ ಏನೋ ಉರುಳಿದ ಸದ್ದಾಯಿತು. ಅವಳು ಒದ್ದೆ ಕೈಯಲ್ಲೇ ಒಳಗೆ ಓಡಿದಳು. ಅಪ್ಪ ಗೋಡೆಗೊರಗಿ ಕುಸಿದಿದ್ದರು. ಪಕ್ಕದಲ್ಲಿ ಮಗಳ ಸೈಕಲ್ ಬಿದ್ದಿತ್ತು. ಬೀಳುವಾಗ ಆಸರೆಗೆಂದು ಹಿಡಿದಿರಬೇಕು ಎಂದು ಎಲ್ಲರೂ ಅಂದುಕೊಂಡರು. ಆಂಬುಲೆನ್ಸ್ ಬರುವ ಹೊತ್ತಿಗೆ ಉಸಿರು ನಿಂತಿತ್ತು. ಅರ್ಧ ಬಟ್ಟೆ ಬಕೆಟ್ಟಿನಲ್ಲೇ ಉಳಿಯಿತು.

ಮೂವತ್ತೆಂಟು ವರ್ಷ ಸೈಕಲ್ ರಿಪೇರಿ ಮಾಡಿದವರು. ನೋಡಲು ಬಂದವರ ಸೈಕಲ್ಲುಗಳು ಗೇಟಿನುದ್ದಕ್ಕೂ ನಿಂತು, ಮನೆಯ ಮುಂದೆಯೇ ಅಂಗಡಿ ತೆರೆದಂತಿತ್ತು. ಪಕ್ಕದಂಗಡಿಯ ಟೈಲರ್ ತನ್ನ ಸೈಕಲ್ಲಿನ ಬ್ರೇಕ್ ಮುಟ್ಟಿ ನೋಡಿಕೊಂಡ.

"ನಾಳೆ ಬಾ, ನಾಳೆ ಬಾ ಅಂತ ಎರಡು ವಾರ ಸತಾಯಿಸಿದ್ರು. ಈಗ ಯಾರನ್ನ ಕೇಳಲಿ?"

ಅಮ್ಮ ಬಂದವರಿಗೆಲ್ಲ ಅದೇ ಮಾತು ಹೇಳುತ್ತಿದ್ದರು, ಸೋಮವಾರ ಆಸ್ಪತ್ರೆಗೆ ಸೇರಬೇಕಿತ್ತು ಎಂದು. ಆಪರೇಷನ್ ಹೋದ ವರ್ಷವೇ ಆಗಿತ್ತಲ್ಲ ಎಂದು ಸೋದರತ್ತೆ ಕೇಳಿದರು.

*

ಅಪ್ಪನ ಹೃದಯದಿಂದ ಹೊರಡುವ ದೊಡ್ಡ ರಕ್ತನಾಳದ ಒಳಪದರ ಸೀಳಿತ್ತು. ಹೋದ ವರ್ಷ ಎದೆ ತೆರೆದು ಮೇಲಿನ ಭಾಗವನ್ನಷ್ಟೇ ಬದಲಿಸಿದ್ದರು. ಬೆನ್ನಿನುದ್ದ ಇಳಿಯುವ ಭಾಗದ ಸೀಳು ಹಾಗೇ ಉಳಿದು, ಈಗ ಉಬ್ಬುತ್ತಿತ್ತು. ಈ ಸಲ ಎದೆ ತೆರೆಯಬೇಕಿಲ್ಲ, ತೊಡೆಸಂದಿನ ನಾಳದಿಂದ ಮಡಿಸಿದ ಕೊಳವೆಯೊಂದನ್ನು ಮೇಲಕ್ಕೆ ಒಯ್ದು ಒಳಗೇ ಬಿಚ್ಚಿಡುತ್ತೇವೆ ಎಂದು ಎರಡು ವಾರದ ಹಿಂದೆ ಡಾಕ್ಟರು ಚಿತ್ರ ಬರೆದು ತೋರಿಸಿದ್ದರು.

"ಟಯರ್ ಸೀಳಿದ್ರೆ ನಾವೂ ಒಳಗಡೆ ಹಳೇ ಟಯರ್ ತುಂಡು ಇಡ್ತೀವಲ್ಲ, ಅದೇ ತಾನೇ?" ಎಂದರು ಅಪ್ಪ.

"ಹೆಚ್ಚುಕಡಿಮೆ ಅದೇ. ಆದ್ರೆ ನೀವು ಗಾಳಿ ಇಳಿಸಿ ಮಾಡ್ತೀರಿ. ನಮಗೆ ಆ ಭಾಗ್ಯ ಇಲ್ಲ."

ಆಪರೇಷನ್ ಆಗುವವರೆಗೆ ಮಾತ್ರೆ ತಪ್ಪಿಸಬಾರದು, ಐದು ಕಿಲೋಗಿಂತ ಭಾರ ಎತ್ತಬಾರದು. ಅಂದಿನಿಂದ ಒಂಬತ್ತು ವರ್ಷದ ಮೊಮ್ಮಗಳೇ ಕಾವಲು. ಅಡುಗೆಮನೆಯ ಪುಟ್ಟ ಡಿಜಿಟಲ್ ತಕ್ಕಡಿ ತಂದು ತಾತನ ಟೂಲ್ ಡಬ್ಬಿಯನ್ನೂ ತೂಗಿದಳು; ಅರ್ಧ ಸ್ಪ್ಯಾನರುಗಳನ್ನು ಹೊರಗೆ ತೆಗೆಸಿದಳು. ಹಜಾರ ಇಕ್ಕಟ್ಟೆಂದು ಹಿಂದೆ ತಾತನೇ ಗೋಡೆಗೆ ಕೊಕ್ಕೆ ಹೊಡೆದು ಅವಳ ಸೈಕಲ್ ತೂಗುಹಾಕಿದ್ದರು. ದಿನವೂ ಅದನ್ನು ಇಳಿಸಿಕೊಡುವ ಕೆಲಸ ಈಗ ಅವಳ ಅಮ್ಮನ ಪಾಲಿಗೆ ಬಂದಿತ್ತು.

*

ಸಂಜೆ ಎಲ್ಲ ಮುಗಿಸಿ ಬಂದ ಮೇಲೆ ಅವಳು ಬಕೆಟ್ಟಿನ ಬಟ್ಟೆ ಮತ್ತೊಮ್ಮೆ ಜಾಲಿಸಿ ಹರವತೊಡಗಿದಳು. ಅಪ್ಪನ ಅಂಗಿಯನ್ನೂ ಕೊಡವಿ ಹಾಕಿದಳು. ಮಗಳು ಬೆಳಗಿನಿಂದ ಅತ್ತಿರಲಿಲ್ಲ, ಮಾತಾಡಿರಲಿಲ್ಲ. ಈಗ ಸೈಕಲ್ ತಳ್ಳಿಕೊಂಡು ಬಂದು ನಿಂತಳು. ಕಂಕುಳಲ್ಲಿ ಅಡುಗೆಮನೆಯ ತಕ್ಕಡಿ ಇತ್ತು. ಅದನ್ನು ನೆಲದ ಮೇಲಿಟ್ಟು, ಮುಂದಿನ ಚಕ್ರವನ್ನು ಅದರ ಮೇಲೆ ಹತ್ತಿಸಲು ನೋಡಿದಳು. ಚಕ್ರ ಜಾರಿತು. ಮತ್ತೆ ಹತ್ತಿಸಿದಳು.

"ಬಿಡು ಪುಟ್ಟಿ, ಏನು ಮಾಡ್ತಿದ್ದೀಯ?"

"ನೀನು ಬಟ್ಟೆ ಒಗೀತಿದ್ದೆ. ಸ್ಕೂಲಿಗೆ ಲೇಟಾಗಿತ್ತು. ಇಳಿಸಿಕೊಡು ಅಂತ ತಾತನಿಗೆ ನಾನೇ ಹೇಳಿದೆ."

ಅವಳ ಕೈಯಲ್ಲಿದ್ದ ಬಟ್ಟೆಯಿಂದ ನೀರು ತೊಟ್ಟಿಕ್ಕುತ್ತಿತ್ತು.

"ಅಮ್ಮಾ, ಇದು ಐದು ಕಿಲೋಗಿಂತ ಜಾಸ್ತಿ ಇದೆಯಾ?"