ಮೊಂಡ ಚಾಕು

ನಾನೊಂದು ಚಾಕು. ಆದರೆ ಇವತ್ತಿನವರೆಗೂ ಒಂದು ಈರುಳ್ಳಿಯನ್ನೂ ಕೊಯ್ದಿಲ್ಲ. ನಗಬೇಡಿ, ಪೂರ್ತಿ ಕೇಳಿ.

ಹುಟ್ಟಿದ್ದು ರಾಣೆಬೆನ್ನೂರಿನ ಒಂದು ತಗಡಿನ ಶೆಡ್ಡಿನಲ್ಲಿ. ಮರದ ಹಿಡಿ ಕೂಡಿಸಿದರು. ಸಾಣೆ ಹಿಡಿಯುವ ಹೊತ್ತಿಗೆ ಕರೆಂಟು ಹೋಯಿತು, ಬಂದಾಗ ನನ್ನನ್ನು ಮರೆತೇಬಿಟ್ಟರು. "ಥೂ, ಮೊಂಡ!" ಅಂತ ನನ್ನನ್ನು ಮಾರಲು ತಂದ ಅಂಗಡಿಯವನು ಮೂಲೆಗೆ ಎಸೆದ.

ಎತ್ತಿಕೊಂಡವಳು ಬ್ಯೂಟಿ ಪಾರ್ಲರಿನ ಕಸ್ತೂರಕ್ಕ.

"ಅಕ್ಕಾರ, ಅದು ಕೊಯ್ಯಂಗಿಲ್ಲ."

"ಕೊಯ್ಯಬಾರ್ದು ಅಂತಾನೇ ಒಯ್ಯಾಕತ್ತೀನಿ."

ಬಿಸಿ ವ್ಯಾಕ್ಸ್ ಹಚ್ಚುವುದು ನನ್ನ ಕೆಲಸವಾಯಿತು. 'ಕೂದಲು ಕೀಳೋದು, ಅದೇನ್ ಮಹಾ' ಅನ್ನುವವರು ಒಂದ್ಸಲ ಬಂದು ಮಾಡಲಿ, ನೋಡೋಣ! ಕೂದಲು ಬೆಳೆದ ದಿಕ್ಕಿಗೇ ಕಾಗದದಷ್ಟು ತೆಳುವಾಗಿ ಹಚ್ಚಬೇಕು. ಹಳೇ ಜೀನ್ಸ್ ಪ್ಯಾಂಟಿನಿಂದ ಕತ್ತರಿಸಿದ ಪಟ್ಟಿ ಒತ್ತಿ, ಎದುರು ದಿಕ್ಕಿಗೆ ಒಂದೇ ಏಟಿಗೆ ಎಳೆಯಬೇಕು. ಮರುಕ್ಷಣವೇ ಅಲ್ಲಿ ಅಂಗೈ ಇಡಬೇಕು, ಅರ್ಧ ಉರಿ ಅಂಗೈಯೇ ಕುಡಿಯುತ್ತದೆ. ಇದೆಲ್ಲಕ್ಕೂ ಮೊದಲು ಕಸ್ತೂರಕ್ಕನದೊಂದು ನೇಮವಿತ್ತು. ಬೇರೆಯವರ ಮೈಗೆ ಹಚ್ಚುವ ಮುಂಚೆ ನನ್ನನ್ನು ತನ್ನ ಮಣಿಕಟ್ಟಿಗೆ ಮುಟ್ಟಿಸಿಕೊಳ್ಳುವಳು. ಪ್ರತಿ ಸಲ. ಅಲ್ಲಿ ಹುಣಸೆಬೀಜದಷ್ಟು ಕಲೆ ಬಿದ್ದಿತ್ತು, ಮುಟ್ಟಿದರೆ ಒರಟು.

ಹದಿನಾಲ್ಕು ವರ್ಷ ದುಡಿದೆವು. ಕಣ್ಣು ಮಂಜಾದಾಗ ಅವಳು ನನ್ನನ್ನು ಶಿಷ್ಯೆ ನಿಲೋಫರ್‌ಗೆ ಕೊಟ್ಟಳು. ನಿಲೋಫರ್‌ಗೆ ದಾವಣಗೆರೆಯ ದೊಡ್ಡ ಸಲೂನಿನಲ್ಲಿ ಕೆಲಸ ಸಿಕ್ಕಿತ್ತು. ಅಲ್ಲಿ ವ್ಯಾಕ್ಸ್ ಕಾಯಿಸಲು ಮೆಷಿನ್ನು. ಹಸಿರು ದೀಪ ಹತ್ತಿದರೆ ಹದ ಸರಿ ಅಂತ ಲೆಕ್ಕ.

ಹನ್ನೊಂದನೇ ದಿನ ಒಬ್ಬ ಹುಡುಗಿ ಬಂದಳು, ಮಾರನೇ ದಿನ ಅವಳ ನಿಶ್ಚಿತಾರ್ಥ. ದೀಪ ಹಸಿರಾಯಿತು. ನಿಲೋಫರ್ ನನ್ನನ್ನು ಅದ್ದಿ ಮಣಿಕಟ್ಟಿಗೆ ಮುಟ್ಟಿಸಿಕೊಂಡಳು. ಚುರ್ ಅಂತು.

"ಸ್ವಲ್ಪ ಆರಲಿ ಮೇಡಂ, ಸುಡ್ತೈತೆ."

"ದೀಪ ಕಾಣಲ್ವಾ ನಿಂಗೆ?" ಅಂದಳು ಮ್ಯಾನೇಜರ್ ಹೇಮಲತಾ. "ಹಚ್ಚು. ಇಲ್ಲಾಂದ್ರೆ ಬ್ಯಾಗ್ ತಗೊಂಡು ನಡಿ."

ನಿಲೋಫರ್ ಮನೆ ನಡೆಯುತ್ತಿದ್ದದ್ದೇ ಆ ಕೆಲಸದಿಂದ. ಆದರೂ ನನ್ನನ್ನು ಮತ್ತೆ ಅದ್ದಿ, ಹಿಡಿಯನ್ನು ಹೇಮಲತಾ ಕಡೆ ಚಾಚಿದಳು.

"ಮೊದ್ಲು ನಿಮ್ಮ ಮಣಿಕಟ್ಟಿಗೆ ಮೇಡಂ. ಆಮೇಲೆ ಇವರಿಗೆ."

ಹೇಮಲತಾ ನನ್ನನ್ನು ಮುಟ್ಟಲೂ ಇಲ್ಲ. ಮಲಗಿದ್ದ ಹುಡುಗಿ ಎದ್ದು ಕೂತಳು. "ಎಷ್ಟೊತ್ತಾದ್ರೂ ಕಾಯ್ತೀನಿ. ಆದ್ರೆ ಇವರೇ ಹಚ್ಬೇಕು."

ಕೆಲಸ ಉಳಿಯಿತು. ಮೆಷಿನ್ನು ರಿಪೇರಿಗೆ ಹೋಯಿತು.

ಈಗ ನಿಲೋಫರ್‌ದೇ ಸ್ವಂತ ಪಾರ್ಲರ್. ಎಲ್ಲರಿಗೂ ಒಮ್ಮೆ ಬಳಸಿ ಬಿಸಾಡುವ ಮರದ ಕಡ್ಡಿ. ನಾನು ಹಿಡಿ ಸೀಳಿ, ಕನ್ನಡಿ ಪಕ್ಕದ ಲೋಟದಲ್ಲಿದ್ದೇನೆ. ಮೊನ್ನೆ ಕಸ್ತೂರಕ್ಕ ಬಂದಳು, ಕಣ್ಣು ಪೂರಾ ಹೋಗಿದೆ. ಅವಳಿಗಾಗಿ ನನ್ನನ್ನು ತೊಳೆದು ಹೊರತೆಗೆದರು. ಹಚ್ಚುವ ಮುಂಚೆ ಅವಳು ನಿಲೋಫರ್ ಕೈ ಹಿಡಿದು, ಮಣಿಕಟ್ಟು ತಡವಿದಳು. ಹುಣಸೆಬೀಜದಷ್ಟು ಒರಟು ಕಲೆ ಬೆರಳಿಗೆ ಸಿಕ್ಕಿತು.

"ಐತಿ," ಅಂದಳು. "ಹಚ್ಚವಾ ಇನ್ನ."

ನಾನು ಮೈಮೇಲೆ ಉಳಿಸಿದ ಗುರುತು ಅವೆರಡೇ. ಎರಡೂ ನನ್ನನ್ನು ಹಿಡಿದವರವೇ. ಹರಿತದ ಚಾಕುಗಳೇ, ನೀವು ಹೇಳಿ ನೋಡೋಣ ಈ ಮಾತು!