ಹಿಂದಿನ ಗಾಲಿಯ ಎಣ್ಣೆ

ಇರುವೆಗಳು ಅಂಗಳದ ಕಪ್ಪು ಕಲೆಯನ್ನು ಬಳಸಿಕೊಂಡು ಹೋಗುತ್ತಿವೆ, ಹದಿಮೂರರ ಊಟ ಉಂಡು ನೆಂಟರು ಹೋದರು, ಇವತ್ತು ಮತ್ತೆ ನಲ್ಲಿ, ಮತ್ತೆ ಹಾಲು, ಗಂಡ ಭಾರ್ಗವನ ಗಾಡಿ ನಿಲ್ಲುತ್ತಿದ್ದಲ್ಲಿ ಕಲೆ ಮಾತ್ರ — ಮರುಭೂಮಿ ದಾಟಲೆಂದೇ ಕಟ್ಟಿದ ಹಳೆಯ ಮೋಟರ್‌ಸೈಕಲ್, ಎರಡೂ ಪಕ್ಕಕ್ಕೆ ಚಾಚಿದ ಸಿಲಿಂಡರು, ಚೈನಿಲ್ಲ ನೋಡು ಪ್ರಿಯಾ, ಒಳಗ ಉಕ್ಕಿನ ಸರಳು ತಿರುಗಿ ಗಾಲಿ ತಿರುಗಸ್ತದ, ಎಂಜಿನ್ನಿಗೊಂದು ಎಣ್ಣಿ, ಗೇರಿಗೊಂದು, ಹಿಂದಿನ ಗಾಲಿಗೊಂದು, ಎಂಎಸ್ಸಿ ಮಾಡಿದಾಕಿಗೆ ಇಷ್ಟು ತಿಳೀದೇನು ಎಂದು ನಗುತ್ತಿದ್ದ, ತಿಳಿಯಿತು, ನಾರಾಯಣಪೇಟೆಯಲ್ಲಿ ಕೃಷ್ಣಪ್ರಿಯಾಳೊಬ್ಬಳಿಗೇ ತಿಳಿಯಿತು. ಲಾಳಿಕಿ ಕೊಟ್ಟು ಬರೋಣ ನಡಿ, ಹೋದವರು ಇಸಕೊಂಡದ್ದು ಮನ್ಯಾಗ ಇಟ್ಕೋಬಾರದು, ಎನ್ನುತ್ತಾಳೆ ಅತ್ತೆ ಭೀಮಾಬಾಯಿ. ಮಕ್ತಲ್ ಬಸ್ಸು, ಮಡಿಲಲ್ಲಿ ಸಪೂರ ಕೊಳವೆಯ ಲಾಳಿಕೆ, ಹಿಂದಿನ ಗಾಲಿಯ ಸಣ್ಣ ಬಾಯಿಗೆಂದೇ ಅಲ್ಲಿನ ಎಣ್ಣೆಯಂಗಡಿ ಕುರುಮಮ್ಮನಲ್ಲಿ ಭಾರ್ಗವ ಕೇಳಿ ತಂದಿದ್ದ, ಅಡುಗೆ ಎಣ್ಣೆಯ ಜಿಡ್ಡು ಇರಬಾರದೆಂದು ಸೋಪು ಹಾಕಿ ತಿಕ್ಕಿ ಬಿಸಿಲಿಗಿಟ್ಟಿದ್ದ, ಅವಳು ಒಳಗೆ ಬೆರಳಾಡಿಸುತ್ತಾಳೆ, ಒಣ — ಆ ಬೆಳಿಗ್ಗೆ ಹಳೆಯ ಎಣ್ಣೆ ಮೂರೂ ಕಡೆ ಇಳಿಸಿದ್ದ, ಎಂಜಿನ್ನಿಗೆ ಹಾಕಿದ, ಗೇರಿಗೆ ಹಾಕಿದ, ಅಷ್ಟರಲ್ಲಿ ಅತ್ತೆಯ ಕೂಗು, ಭಾರ್ಗವಾ, ರಾಹುಕಾಲ ಬಂತು, ಮೊದಲು ಹೊಸ್ತಿಲಾ ದಾಟು, ಎಣ್ಣಿ ಗಿಣ್ಣಿ ಆಮ್ಯಾಲ, ಆತಮ್ಮಾ ಎಂದ, ದಾಟಿದ, ಮೂರನೆಯ ಡಬ್ಬಿ ಮುಚ್ಚಳ ತೆರೆಯದೇ ತುಳಸಿಕಟ್ಟೆಯ ಹಿಂದೆ ಉಳಿಯಿತು, ಗದ್ವಾಲ್ ದಾಟುವವರೆಗೂ ಹಿಂದಿನ ಗಾಲಿಯ ಹಲ್ಲುಚಕ್ರಗಳು ಒಣಗಿ ಕಾದು ಕಾದು ಕೊನೆಗೆ ಕಚ್ಚಿಕೊಂಡವು, ಗಾಲಿ ನಿಂತಿತು, ಹಿಂದಿನ ಲಾರಿ ನಿಲ್ಲಲಿಲ್ಲ. ರಾಹುಕಾಲ ಮುಟ್ಟೋದ್ರಾಗ ಕಳಿಸಿದ್ದೆರೀ ನಾನು, ನನ್ನ ಕಡಿಂದ ಏನೂ ಕಮ್ಮಿ ಮಾಡಿಲ್ಲ, ಯಾರ ಕಾಲ್ಗುಣನೋ, ಎಂದು ಪಕ್ಕದ ಸೀಟಿನವಳಿಗೆ ಹೇಳುತ್ತಿದ್ದಾಳೆ ಅತ್ತೆ, ಸೊಸೆಗೆ ಕೇಳಲೆಂದೇ, ಒಂದು ಮಾತು ಸಾಕು, ಒಂದೇ ಮಾತಿಗೆ ಈ ಬಾಯಿ ಸಾಯುವವರೆಗೂ ಮುಚ್ಚುತ್ತದೆ, ಮಾತು ನಾಲಿಗೆಯ ಮೇಲೆಯೇ ಇದೆ, ಕಹಿ, ಬೇವಿನ ಚಿಗುರಿನಂತೆ, ಉಗಿಯಲೂ ಆಗದು. ಕುರುಮಮ್ಮ ಲಾಳಿಕೆ ತಗೊಂಡು ಬೆಳಕಿಗೆ ಹಿಡಿದಳು, ಬಂಗಾರದಂಥ ಹುಡುಗ ಎಂದು ಕಣ್ಣೊರೆಸಿಕೊಂಡಳು, ಒಳಗೆ ಬೆರಳಿಟ್ಟಳು, ಅಯ್ಯ ನಮ್ಮವ್ವ, ಗಾಡಿ ಎಣ್ಣಿ ಅಂದ್ರ ವಾರಗಟ್ಲೆ ಹೋಗಂಗಿಲ್ಲ, ಇನ್ನ ಬಿಸಾಕಾಕ ಬೇಕು ಅನಕೊಂಡಿದ್ದೆ, ಒಂಚೂರೂ ಜಿಡ್ಡಿಲ್ಲಲ್ಲ, ಯಾರ್ ತೊಳದ್ರೀ ಇಷ್ಟು ಚಲೋ? ನಾ ಅಂತೂ ಮುಟ್ಟಿಲ್ಲವಾ, ಅಂದಳು ಅತ್ತೆ, ಸೊಸೆಯತ್ತ ತಿರುಗಿದಳು, ಹುಬ್ಬು ಗಂಟಾಯಿತು, ಈಗ, ಈಗಲೇ ಹೇಳಬೇಕು, ಇದರಲ್ಲಿ ಗಾಡಿಯ ಎಣ್ಣೆ ಇಳಿಯಲೇ ಇಲ್ಲವೆಂದು — ಹೇಳಿದರೆ ಮುದುಕಿ ಇಲ್ಲೇ ಕುಸಿಯುತ್ತಾಳೆ, ಎದೆ ಬಡಿದುಕೊಳ್ಳುತ್ತಾಳೆ, ಆ ಅಳುವನ್ನೂ ತಾನೇ ಸಂತೈಸಬೇಕು, ತನ್ನದನ್ನೇ ಇನ್ನೂ ಅತ್ತಿಲ್ಲ, ನಾನ ತೊಳದೆರೀ, ಅಂದಳು ಕೃಷ್ಣಪ್ರಿಯಾ. ಶ್ಯಾಣ್ಯಾಕಿ, ಅಂದಳು ಕುರುಮಮ್ಮ, ಬೆರಳನ್ನು ಹೆಬ್ಬೆರಳಿಗೆ ಉಜ್ಜಿ ನೋಡಿದಳು, ಮತ್ತೊಮ್ಮೆ ಉಜ್ಜಿದಳು, ಒಣ ಬೆರಳು, ಬಿಸಿಲಿನಲ್ಲಿ, ಒಣ ಬೆರಳು