ಪುಣೆಗೆ ಹೋಗದ ಡ್ರೈವರ್

ಬುದ್ಧಪ್ರಿಯನಿಗೆ ನಿಂತಲ್ಲಿ ನಿಲ್ಲಲು ಬರುವುದಿಲ್ಲ. ಇಪ್ಪತ್ತು ವರ್ಷ ಮಂದಿಯ ಲಾರಿ ಓಡಿಸಿದ ಕಾಲು ಅದು. ಊಟಕ್ಕೆ ಕೂತರೂ ಬಲಪಾದ ನೆಲವನ್ನು ಒತ್ತುತ್ತಲೇ ಇರುತ್ತದೆ. ಆ ದಿನವಂತೂ ಕೇಳಲೇಬೇಡಿ. ಎಂಟು ಗಂಟೆಗೇ ಇಸ್ತ್ರಿ ಅಂಗಿ ಹಾಕಿಕೊಂಡು, ಶಹಾಪುರದ ತನ್ನ ಓಣಿಯನ್ನು ಈ ತುದಿಯಿಂದ ಆ ತುದಿಗೆ ಹತ್ತು ಸಲ ಅಳೆದಿದ್ದ.

“ಗುಡ್ಡದ ಮ್ಯಾಲ ಬುದ್ಧ ಹ್ಯಾಂಗ ಆರಾಮ ಮಲಗ್ಯಾನ ನೋಡ್ರಿ. ಅವನ ಹೆಸರು ಇಟ್ಕೊಂಡು ನಿಮಗ ಒಂದ್ ನಿಮಿಷ ಕುಂಡ್ರಾಕ ಬರಂಗಿಲ್ಲಲ್ಲ” ಎಂದಳು ಹೆಂಡತಿ ಪಂಚಶೀಲಾ, ಮಲಗಿದ ಬುದ್ಧನಂತೆ ಕಾಣುವ ಊರ ಗುಡ್ಡದತ್ತ ಕೈ ತೋರಿಸಿ, ಅಂಗನವಾಡಿಗೆ ಹೊರಡುತ್ತ.

“ಫೈನಾನ್ಸ್‌ನವ ಹತ್ತಕ್ಕ ಬರ್ತೀನಿ ಅಂದಾನ. ಯಾರ ಮುಂದೂ ಬಾಯಿ ಬಿಡಬ್ಯಾಡ. ಅವ್ವಗೂ ಹೇಳಬ್ಯಾಡ. ಕೆಲಸ ಆಗೋತನಾ ಮಂದಿ ಕಣ್ಣು ಬೀಳಬಾರ್ದು.”

ತಪ್ಪು ಆಗಿದ್ದೇ ಇಲ್ಲಿ. ಮಂದಿಯ ಕಣ್ಣಿಗೆ ಹೆದರಿದವನು ಮಂದಿಯ ಬಾಯಿಯನ್ನು ಮರೆತಿದ್ದ.

ವಿಷಯ ಒಂದು ಲಾರಿಯದು. ಸುರಪುರದ ಹಂಪಣ್ಣ ಸಾಹುಕಾರರ ಹಳೆಯ ಆರು ಚಕ್ರದ ಲಾರಿ. ಆರು ವರ್ಷ ಅದನ್ನು ಓಡಿಸಿದವನೇ ಬುದ್ಧಪ್ರಿಯ. ಮೂರನೇ ಗೇರು ಎಷ್ಟು ಮುದ್ದು ಮಾಡಿದರೆ ಬೀಳುತ್ತದೆ, ಯಾವ ಏರಿನಲ್ಲಿ ಯಾವ ಬೋಲ್ಟು ಅಳುತ್ತದೆ, ಎಲ್ಲ ಅವನಿಗೆ ಬಾಯಿಪಾಠ. ಸಾಹುಕಾರರು ದೊಡ್ಡ ಗಾಡಿ ತರಲು ಇದನ್ನು ಮಾರುತ್ತೇನೆ ಎಂದಾಗ, ಬೇರೆಯವನು ಇದರ ಸ್ಟೇರಿಂಗ್ ಹಿಡಿಯುವುದನ್ನು ಇವನಿಗೆ ನೆನೆಯಲೂ ಆಗಲಿಲ್ಲ. ಕೂಡಿಸಿಟ್ಟಿದ್ದ ನಲವತ್ತು ಸಾವಿರವನ್ನು ಬಯಾನಾ, ಅಂದರೆ ಮುಂಗಡ, ಎಂದು ಅವರ ಕೈಗಿಟ್ಟ. ಸಾಲ ಮಂಜೂರಾದ ಕಾಗದ ಇವತ್ತು ಸಂಜೆ ಐದರೊಳಗೆ ತೋರಿಸಬೇಕು. ಇಲ್ಲದಿದ್ದರೆ ಲಾರಿ ಕಕ್ಕೇರಾದವನೊಬ್ಬನಿಗೆ, ಬಯಾನಾ ಸಾಹುಕಾರರಿಗೆ.

ಬ್ಯಾಂಕಿನವರು ಕಂಪ್ಯೂಟರು ನೋಡಿದವರೇ ಕೈ ಮುಗಿದಿದ್ದರು. ಸಾಲ ಕಟ್ಟಿದ್ದಕ್ಕೆ ಕೊಡುವ ಅಂಕ, ಸಿಬಿಲ್, ಕೆಟ್ಟಿದೆಯಂತೆ. ಕೆಡಿಸಿದವನು ತಂಗಿಯ ಗಂಡ. ನಾಲ್ಕು ವರ್ಷದ ಹಿಂದೆ ಅವನ ಸಲುವಾಗಿ ಬುದ್ಧಪ್ರಿಯ ತನ್ನ ಹೆಸರಲ್ಲಿ ಬೈಕಿಗೆ ಸಾಲ ಎತ್ತಿದ; ಆ ಪುಣ್ಯಾತ್ಮ ಮೂರು ಕಂತು ಕಟ್ಟಿ ಬೈಕು ಸಮೇತ ಮಾಯವಾದ. ಆಮೇಲೆ ವರ್ಷಗಟ್ಟಲೆ ವಸೂಲಿಯವರು ಓಣಿಗೆ ಬಂದರು. ಹೆಲ್ಮೆಟ್ಟು, ಎದೆಯ ಮೇಲೆ ಬ್ಯಾಗು, ಕೈಯಲ್ಲಿ ಫೋನು. ಅವರು ಕಂಡರೆ ಸಾಕು, ಓಣಿಗೆ ಓಣಿಯೇ ಒಂದೇ ಮಾತು ಹೇಳುತ್ತಿತ್ತು: “ಅಂವ ಪುಣೆಕ್ಕ ಹೋಗ್ಯಾನ್ರಿ.” ಅಂವ ಎದುರುಮನೆ ಖುರ್ಷೀದಬೇಗಂಳ ಹೊಲಿಗೆ ಮಷೀನಿನ ಹಿಂದೆ ಉಸಿರು ಬಿಗಿ ಹಿಡಿದು ಕೂತಿರುತ್ತಿದ್ದ. ಬರಬರುತ್ತ ಪೂರ್ತಿ ಸಾಲ ತೀರಿಸಿದ. ಸಾಲ ಹೋಯಿತು, ಕಲೆ ಉಳಿಯಿತು.

ಕೊನೆಗೆ ಯಾದಗಿರಿಯ ಒಂದು ಖಾಸಗಿ ಫೈನಾನ್ಸ್ ಒಪ್ಪಿತು. ಬಡ್ಡಿ ಹೆಚ್ಚು, ಷರತ್ತು ಒಂದೇ: ನಮ್ಮ ಮನುಷ್ಯ ಬಂದು ಮನೆ ನೋಡುತ್ತಾನೆ, ಅಕ್ಕಪಕ್ಕದವರನ್ನು ಕೇಳುತ್ತಾನೆ.

ಹತ್ತಕ್ಕೆ ಹತ್ತು ನಿಮಿಷ ಇರುವಾಗ, ಬಸ್ಸಿಗೆ ಬರುತ್ತಾನೆಂದುಕೊಂಡು, ಅವನನ್ನು ಎದುರುಗೊಳ್ಳಲು ಬುದ್ಧಪ್ರಿಯ ಬಸ್‌ಸ್ಟ್ಯಾಂಡಿಗೆ ಹೋಗಿ ನಿಂತ. ಅಷ್ಟರಲ್ಲಿ ಹಂಪಣ್ಣನ ಫೋನು.

“ಏನಪಾ ತಮ್ಮಾ, ಕಾಗದ ಬಂತೇನು? ಕಕ್ಕೇರಾದವ ರೊಕ್ಕ ಚೀಲದಾಗ ಹಾಕ್ಕೊಂಡು ನಮ್ಮ ಕಟ್ಟಿ ಮ್ಯಾಲ ಕುಂತಾನ.”

“ಐದರತನಾ ಟೈಮ್ ಅದಲ್ರಿ ಸಾವ್ಕಾರ್ರ.”

“ಅದ, ಇಲ್ಲಂದವ್ರ್ಯಾರು? ಆದ್ರ ಅಂವ ಚಾ ಕುಡುದ್ ಕುಡುದ್ ನನ್ನ ಸಕ್ರಿ ಖಾಲಿ ಮಾಡಾಕತ್ತಾನ.”

ಕಾಲು ಗಂಟೆ ಸಾಹುಕಾರರು ಬಿಡಲಿಲ್ಲ. ಫೋನು ಇಟ್ಟು ನೋಡಿದರೆ, ನಡುವೆ ಬಂದು ಹೋದ ನಾಲ್ಕು ಕರೆ, ಎಲ್ಲವೂ ಫೈನಾನ್ಸ್‌ನವನದು. ತಿರುಗಿ ಮಾಡಿದರೆ ಎತ್ತುವವರಿಲ್ಲ. ಓಣಿಗೆ ಓಡಿದ.

ಓಣಿಯಲ್ಲಿ ಮದುವೆ ಮುಗಿಸಿದಂಥ ಖುಷಿ. ಖುರ್ಷೀದಬೇಗಂ ಬಾಗಿಲಲ್ಲೇ ನಿಂತಿದ್ದಳು.

“ಬುದ್ಯಾ, ಎಲ್ಲಿದ್ದೆಲೇ? ನಿನ್ನ ಹುಡುಕ್ಕೊಂಡು ಮತ್ತ ಬಂದಿದ್ದ ಒಬ್ಬ ಹೆಲ್ಮೆಟ್ಟಿನವ. ಪುಣೆಕ್ಕ ಹೋಗ್ಯಾನ, ಎರಡು ವರ್ಷ ಆತು ಮಾರಿ ನೋಡಿಲ್ಲ ಅಂತ ಹೇಳಿ ಹಾದಿ ಹಿಡಿಸೀನಿ.”

“ಖಾಲಾ...” ಬುದ್ಧಪ್ರಿಯ ತನ್ನ ಮನೆಯ ಬಾಗಿಲತ್ತ ತಿರುಗಿದ. “ಅವ್ವ ಇದ್ಲಲ್ಲ ಮನ್ಯಾಗ? ಆಕಿ ಏನಂದ್ಲು?”

ಆ ಮನೆಯೊಳಗಿಂದ ಅವ್ವ ಬಾಲಮ್ಮ ಕೋಲೂರಿಕೊಂಡು ಬಂದಳು. ಎಪ್ಪತ್ತರ ಮುದುಕಿಯ ಮುಖದಲ್ಲಿ ಯುದ್ಧ ಗೆದ್ದ ಬೆಳಕು. “ನಾ ಏನು ಕಡಿಮಿ ಅದೀನೇನು? ನನಗ ಮಗನೇ ಹುಟ್ಟಿಲ್ರಿ ಅಂತ ಹೇಳೀನಿ. ಬರಕೊಂಡು ಹೋದ!”

ಬುದ್ಧಪ್ರಿಯ ಕಟ್ಟೆಯ ಮೇಲೆ ಕೂತ. ಮರುಕ್ಷಣ ಎದ್ದ. ವಿಷಯ ಎಲ್ಲ ಒದರಿದ. ಓಣಿಯ ಖುಷಿ ಗಾಳಿ ಬಿಟ್ಟ ಟೈರಿನಂತೆ ಇಳಿಯಿತು.

“ಹೇಳಬಾರ್ದಿತ್ತೇನೋ ಹುಚ್ಚಾ!” ಖುರ್ಷೀದಬೇಗಂ ಹಣೆ ಚಚ್ಚಿಕೊಂಡಳು. “ಲಾರಿ ತಗೋತೀನಿ ಅಂದಿದ್ರ ಚಾ ಕುಡಿಸಿ ಕಳಿಸ್ತಿದ್ದೆ. ಎಲ್ಲಿಗಿ ಹೋದ ಅಂವ?”

“ಸಗರ ಎಷ್ಟು ದೂರ ಅಂತ ಕೇಳಿದ್ನಪಾ” ಎಂದಳು ಬಾಲಮ್ಮ ಮೆಲ್ಲಗೆ.

ಬುದ್ಧಪ್ರಿಯ ಸಿಕ್ಕ ಟಂಟಂ ಆಟೊ ಹತ್ತಿದ. ಬೇಡವೆಂದರೂ ಖುರ್ಷೀದಬೇಗಂ ಬುರ್ಖಾ ಹಾಕಿಕೊಂಡು ಪಕ್ಕಕ್ಕೆ ಕೂತಳು. “ಕೆಡಿಸ್ದಾಕಿ ನಾನು. ನಾನೇ ಬಂದು ಹೇಳ್ತೀನಿ.” ದಾರಿಯುದ್ದಕ್ಕೂ ಹತ್ತಿ ತುಂಬಿದ ಗಾಡಿಗಳು. ಟಂಟಂನವನು ಒಂದನ್ನೂ ಹಿಂದೆ ಹಾಕಲೊಲ್ಲ. “ಬಲಕ್ಕ ಒತ್ತು, ಹಾರ್ನ್ ಹೊಡಿ, ಈಗ ತೂರು” ಎಂದು ಬುದ್ಧಪ್ರಿಯ ಹಿಂದೆ ಕೂತೇ ಗಾಡಿ ಓಡಿಸಿದ. ಟಂಟಂನವನು, “ಇಳಿದು ನೀವೇ ಹೊಡೀರಿ ಹಂಗಾದ್ರ” ಎಂದು ಸಿಡುಕಿದ.

ಸಗರದಲ್ಲಿ ಫೈನಾನ್ಸ್‌ನವನು ಸಿಕ್ಕ. ಹೆಸರು ಬಸವಕುಮಾರ, ಬಿಸಿಲಿಗೆ ಸೊರಗಿದ ಎಳೆ ಮುಖ. ಒಂದು ಮನೆಯ ಎದುರು ನಿಂತು ಮುದುಕನೊಬ್ಬನ ಕೂಡ ಜಗಳಕ್ಕೆ ಬಿದ್ದಿದ್ದ. ಟ್ರ್ಯಾಕ್ಟರ್ ಸಾಲ ಕೇಳಿದ ಮನೆಯಂತೆ. ಮುದುಕ ಜಪ ಹಿಡಿದಂತೆ ಹೇಳುತ್ತಿದ್ದ: “ನನ್ನ ಮಗ ಹೈದರಾಬಾದಿಗಿ ಹೋಗ್ಯಾನ್ರಿ.”

“ಸಾಹೇಬ್ರ, ಬುದ್ಧಪ್ರಿಯ ಅಂದ್ರ ನಾನೇರಿ.”

ಬಸವಕುಮಾರ ತಿರುಗಿ ನೋಡಿದ. “ನೀವು ಪುಣೆದಾಗ ಅದೀರಿ. ನಿಮ್ಮವ್ವಗ ನೀವು ಹುಟ್ಟೇ ಇಲ್ಲ. ರಿಪೋರ್ಟ್ ಕಳಿಸೀನಿ, ಮುಗೀತು.”

“ಸುಳ್ಳು ಹೇಳಿದಾಕಿ ನಾನ್ರಿ ಸಾಬ್” ಎಂದಳು ಖುರ್ಷೀದಬೇಗಂ.

“ಮುಂಜಾನಿ ಸುಳ್ಳು ಹೇಳಿದವ್ರ ಮಾತು ಮಧ್ಯಾಹ್ನ ನಾ ಯಾಕ ನಂಬಲ್ರಿ?”

ಬುದ್ಧಪ್ರಿಯ ಮುದುಕನ ಮನೆಯ ಮುಚ್ಚಿದ ಬಾಗಿಲನ್ನು ನೋಡುತ್ತಿದ್ದ. ಹೊಸ್ತಿಲಲ್ಲಿ ಒಂದು ಜೊತೆ ಗಂಡಸಿನ ಚಪ್ಪಲಿ, ಹಸಿ ಕೆಸರು ಇನ್ನೂ ಒಣಗಿಲ್ಲ. ಹೊಲಿಗೆ ಮಷೀನಿನ ಹಿಂದೆ ಕೂತವನಿಗೆ ಈ ಬಾಗಿಲ ಹಿಂದಿನ ಉಸಿರು ಕೇಳಿಸದೆ ಇದ್ದೀತೇ?

“ಸಾಹೇಬ್ರ, ಒಂದ್ ಮಾತು ಕೇಳ್ರಿ. ಹೆಲ್ಮೆಟ್ ತಗೀರಿ. ಬ್ಯಾಗ್ ಬೆನ್ನಿಗಿ ಹಾಕ್ರಿ. ಈಗ ಜೋರಾಗಿ ಹೇಳ್ರಿ, ವಸೂಲಿಗಿ ಬಂದಿಲ್ಲ, ಸಾಲ ಕೊಡಾಕ ಬಂದೀನಿ ಅಂತ.”

ಬಸವಕುಮಾರ ಬೇಸರದಿಂದಲೇ ಹೇಳಿದ. ಒಳಗೆ ಪಾತ್ರೆಯೊಂದು ಉರುಳಿತು. ಬಾಗಿಲು ತೆರೆಯಿತು. ಬನಿಯನ್ನಿನಲ್ಲಿದ್ದ ದಪ್ಪ ಮೀಸೆಯವನೊಬ್ಬ ಹಲ್ಲು ಕಿರಿಯುತ್ತ ಹೊರಬಂದ. “ಬರ್ರಿ ಸಾಹೇಬ್ರ, ಕುಂಡ್ರಿ. ಟ್ರ್ಯಾಕ್ಟರ್‌ದೇನ್ರಿ?”

“ಹೈದರಾಬಾದ್ ಬಸ್ಸು ಲಗೂನ ಬಂತಲ್ಲ!” ಎಂದಳು ಖುರ್ಷೀದಬೇಗಂ.

ಬಸವಕುಮಾರನಿಗೆ ನಗು ತಡೆಯಲಾಗಲಿಲ್ಲ. ಅಲ್ಲೇ ಕಟ್ಟೆಯ ಮೇಲೆ ಕೂತು ಯಾದಗಿರಿಗೆ ಫೋನು ಹಚ್ಚಿದ. ಬುದ್ಧಪ್ರಿಯ ಅಂಗಳದಲ್ಲಿ ಸುತ್ತು ಹೊಡೆದ. ಗಂಟೆ ಒಂದೂವರೆ. ಅತ್ತ ಕಡೆ ದೊಡ್ಡ ಸಾಹೇಬ ಬೈಯುವುದು ಇತ್ತ ಕಡೆ ಎಲ್ಲರಿಗೂ ಕೇಳಿಸುತ್ತಿತ್ತು.

“ರಿಪೋರ್ಟ್ ತಿದ್ತಾರಂತ” ಎಂದ ಬಸವಕುಮಾರ ಫೋನು ಇಳಿಸಿ. “ಆದ್ರ ಈಗ ಜಾಮೀನು ಬೇಕಂತ. ಸಿಬಿಲ್ ಚಲೋ ಇದ್ದವ್ರು ಒಬ್ರು ಸಹಿ ಹಾಕಬೇಕು. ಇವತ್ತೇ.”

ಬುದ್ಧಪ್ರಿಯನ ಬಳಗದಲ್ಲಿ ಅಂಥವರು ಯಾರಿದ್ದಾರೆ? ಮನಸ್ಸಿನಲ್ಲೇ ಮನೆಮನೆ ಹೊಕ್ಕು ಬರಿಗೈಯಲ್ಲಿ ಹೊರಬಂದ. ಅಷ್ಟರಲ್ಲಿ ಖುರ್ಷೀದಬೇಗಂ ಚೀಲದಿಂದ ಆಧಾರ್ ಕಾರ್ಡು ತೆಗೆದಿದ್ದಳು.

“ಎರಡು ಸಲ ಮಷೀನಿನ ಸಾಲ ತಗೊಂಡು ಒಂದ್ ದಿನ ತಡ ಮಾಡ್ದೆ ಕಟ್ಟೀನಿ. ನೋಡ್ರಿ, ನನ್ನ ಸಿಬಿಲ್ ಏನಂತದ?”

ಬಸವಕುಮಾರ ನೋಡಿದ. ಹುಬ್ಬು ಮೇಲೇರಿತು. “ನನ್ನದಕ್ಕಿಂತ ಚಲೋ ಅದ.”

“ಬ್ಯಾಡ ಖಾಲಾ” ಎಂದ ಬುದ್ಧಪ್ರಿಯ. ನಾಲ್ಕು ವರ್ಷದ ಹಿಂದೆ ತಂಗಿಯ ಗಂಡ ಹೀಗೇ ಎದುರು ನಿಂತಿದ್ದ. ಆಗ ಸಹಿ ಹಾಕುವ ಪೆನ್ನು ಬುದ್ಧಪ್ರಿಯನ ಕೈಯಲ್ಲಿತ್ತು. “ಒಂದು ಸಹಿ ನನ್ನ ಮಾರಿಗಿ ಏನು ಮಸಿ ಬಳೀತು ನೀ ನೋಡಿದಾಕಿ. ಗಾಡಿ ಕೆಟ್ಟು ನಿಂತ್ರ, ಲೋಡು ಸಿಗದಿದ್ರ, ಹೆಲ್ಮೆಟ್ಟಿನವರು ನಿನ್ನ ಬಾಗಿಲಿಗಿ ಬರ್ತಾರ. ಲಾರಿ ಹೋದ್ರ ಹೋಗ್ಲಿ.”

“ಬಯಾನಾ?”

“ಅದೂ ಹೋಗ್ಲಿ.”

ಖುರ್ಷೀದಬೇಗಂ ಅವನತ್ತ ತಿರುಗಿದಳು. “ನಿನ್ನ ತಂಗಿ ಗಂಡ ಈ ಮಾತು ನಿನಗ ಹೇಳಿದ್ನೇನು?”

“ಅಂವ ಯಾಕ ಹೇಳ್ತಾನ?”

“ಮತ್ತ! ಪೆನ್ ಕೊಡ್ರಿ ಸಾಬ್.” ಸಹಿ ಹಾಕಿ, ಕ್ಯಾಪು ಮುಚ್ಚಿ ಕೊಟ್ಟಳು. “ಬುದ್ಯಾ, ಇದೊಂದು ತಲ್ಯಾಗ ಇಟ್ಕೊ. ನೀ ಬಚ್ಚಿಟ್ಕೊಳ್ಳಾಕ ನನ್ನ ಮನಿ ಇತ್ತು. ನಾ ಬಚ್ಚಿಟ್ಕೊಳ್ಳಾಕ ಎಲ್ಲೂ ಜಾಗ ಇಲ್ಲ.”

ಮಂಜೂರಾತಿ ಫೋನಿಗೆ ಬಂದಾಗ ನಾಲ್ಕು ಹತ್ತು. ಅಷ್ಟರೊಳಗೆ ಬುದ್ಧಪ್ರಿಯ ಸುರಪುರದಲ್ಲಿ ಹಂಪಣ್ಣನ ಕಟ್ಟೆಯ ಮೇಲೆ, ಕಕ್ಕೇರಾದವನ ಪಕ್ಕದಲ್ಲೇ ಕೂತು ಮೂರನೇ ಚಹಾ ಕುಡಿಯುತ್ತಿದ್ದ. ಇವನು ಫೋನು ತೋರಿಸಿದ ಕೂಡಲೆ ಕಕ್ಕೇರಾದವನು ಚೀಲ ಬಗಲಿಗೇರಿಸಿಕೊಂಡು, “ದಿನ ಹಾಳು ಮಾಡಿದಿ” ಎಂದು ಎದ್ದು ಹೋದ.

ಎಂಟು ದಿನದ ಮೇಲೆ ಲಾರಿ ಓಣಿಯ ಬಾಯಿಗೆ ಬಂದು ನಿಂತಿತು, ಒಳಗೆ ಹಿಡಿಸುವುದಿಲ್ಲ. ನಂಬರ್ ಪ್ಲೇಟಿನ ಮೇಲೆ ಪಂಚಶೀಲಾ ಹೂವು ಕಟ್ಟಿದಳು. ಬಾಲಮ್ಮ ಚಕ್ರವನ್ನು ಎಮ್ಮೆಯ ಹಾಗೆ ಸವರಿ, ಬಂದವರಿಗೆಲ್ಲ “ನನ್ನ ಮಗಂದು” ಎಂದಳು. ಹತ್ತಿಯ ಲೋಡು ಕಾಯುತ್ತಿತ್ತು. ಬುದ್ಧಪ್ರಿಯ ಎಂಜಿನ್ ಚಾಲೂ ಮಾಡಿದವನು ಓಣಿಯೊಳಗೆ ಖುರ್ಷೀದಬೇಗಂಳ ಮನೆಯತ್ತಲೇ ನೋಡುತ್ತ ಕೂತುಬಿಟ್ಟ. ಸ್ವಂತ ಗಾಡಿಯ ಮೇಲೆ ಕೂತರೆ ಈ ಕಾಲಿಗೆ ಸಮಾಧಾನ ಸಿಗುತ್ತದೆ ಎಂದುಕೊಂಡಿದ್ದ. ಅದು ಈಗ ಮೊದಲಿಗಿಂತ ಹೆಚ್ಚು ಚಡಪಡಿಸುತ್ತಿತ್ತು.

ಹೊಲಿಗೆ ಮಷೀನಿನ ಸದ್ದು ನಿಂತಿತು. ಖುರ್ಷೀದಬೇಗಂ ತನ್ನ ಮನೆಯ ಕಿಟಕಿಯಿಂದ ಮುಖ ಹೊರಹಾಕಿ ಕೂಗಿದಳು.

“ಏನ್ ನೋಡಾಕತ್ತಿ? ನಿಂತ ಗಾಡಿ ಕಂತು ಕಟ್ಟತದೇನು? ನಡಿ!”

ಬುದ್ಧಪ್ರಿಯ ಗೇರು ಹಾಕಿದ. ಮೂರನೆಯದು ಮುದ್ದು ಮಾಡದೆಯೇ ಬಿತ್ತು.